ಕಾಲ್ಬೆರಳಿನ ದಾರ

ತುಮಕೂರು
6 ಸೆಪ್ಟೆಂಬರ್ 1998

ಪ್ರೀತಿಯ ಮೋನಿಕಾ,

ನಿನ್ನ ಸೆಕೆಂಡ್ ಪಿಯು ಇಂಗ್ಲಿಷ್ ಸಪ್ಲಿಮೆಂಟರಿ ಮುಗಿಯುವ ತನಕ ಕಾಗದ ಹಾಕಬೇಡ ಅಂತ ನೀನೇ ಬರೆದಿದ್ದೆ. ಆದರೂ ಬರೆಯುತ್ತಿದ್ದೇನೆ, ಸಾರಿ ಕಣೇ. ಓದುವ ಟೈಮ್ ಹಾಳಾದರೆ ಬೈದುಬಿಡು.

ಇಲ್ಲಿ ಫಸ್ಟ್ ಇಯರ್ ಬಿ.ಎಸ್ಸಿ. ಅಂದರೆ ಬರೀ ಇಂಗ್ಲಿಷ್. ದಿನಕ್ಕೊಂದು ಡೌಟ್ ಕೇಳಲೇಬೇಕು ಅಂತ ರೂಲ್ ಮಾಡಿಕೊಂಡಿದ್ದೇನೆ. ಹೋದ ವಾರ ಎದ್ದು ನಿಂತೆ, ವಾಕ್ಯ ಅರ್ಧಕ್ಕೇ ನಿಂತುಹೋಯಿತು. "ಸಿಟ್ ಡೌನ್, ಉಳಿದರ್ಧ ನಾಳೆ ಕೇಳಮ್ಮ" ಅಂದರು ಕೆಮಿಸ್ಟ್ರಿ ಸರ್. ಕ್ಲಾಸೆಲ್ಲ ನಕ್ಕಿತು. ಮರುದಿನ ಉಳಿದರ್ಧ ಕೇಳಿಯೇ ಬಿಟ್ಟೆ!

ಇಷ್ಟಾದರೂ ಧೈರ್ಯ ಬಂದದ್ದು ನಮ್ಮ ಬೆಳಗಿನ ಓದಿನಿಂದ. ಕುಣಿಗಲ್ ಹಾಸ್ಟೆಲಿನಲ್ಲಿ ಅಲಾರಂ ಇಲ್ಲದೆ ನಿನ್ನ ಕಾಲ್ಬೆರಳಿಗೂ ನನ್ನದಕ್ಕೂ ಒಂದೇ ದಾರ ಕಟ್ಟಿ ಮಲಗುತ್ತಿದ್ದೆವಲ್ಲ, ಮೊದಲು ಎಚ್ಚರವಾದವರು ಎಳೆಯಬೇಕು ಅಂತ? ಈಗಲೂ ಕಟ್ಟಿಕೊಳ್ಳುತ್ತೇನೆ, ಇನ್ನೊಂದು ತುದಿ ಕಿಟಕಿಯ ಸರಳಿಗೆ. ರೂಂಮೇಟ್ ಅಂಬ್ರೀನ್ "ಏನ್ಲೇ, ಹಸು ಕಟ್ದಂಗೆ ಕಟ್ಕೊಂಡಿದ್ದೀಯ, ಹುಲ್ಲು ಹಾಕ್ಲಾ?" ಅಂತಾಳೆ. ಅವಳಿಗೇನು ಗೊತ್ತು. ಐದಕ್ಕೆ ಅಮೃತೂರಿನ ನಿಮ್ಮ ಮನೆಯಲ್ಲಿ ನೀನೂ ಎದ್ದು ಪುಸ್ತಕ ಬಿಚ್ಚಿರುತ್ತೀಯ ಅಂದುಕೊಂಡರೆ ಸಾಕು, ನೀನೇ ದಾರ ಎಳೆದ ಹಾಗೆ ಆಗುತ್ತದೆ. "ದಿನಾ ಓದುತ್ತಿದ್ದೇನೆ, ನೀನೂ ಬಿಡಬೇಡ" ಅಂತ ಪ್ರತಿ ಕಾಗದದಲ್ಲೂ ಬರೆಯುತ್ತೀಯಲ್ಲ.

ಆದರೆ ಈ ಎರಡು ದಿನ ನಾನು ಎದ್ದಿಲ್ಲ ಮೋನಿ. ಎಚ್ಚರವಾಗುತ್ತದೆ, ಸುಮ್ಮನೆ ಸೂರು ನೋಡುತ್ತಾ ಮಲಗಿರುತ್ತೇನೆ. ನಿನ್ನೆ ಕ್ಲಾಸಿನಲ್ಲೂ ಬಾಯಿ ಬಿಡಲಿಲ್ಲ.

ಗುಬ್ಬಿಯಿಂದ ಅಮ್ಮಿ ನಿನಗೆ ದುವಾ ಹೇಳಿದ್ದಾರೆ. ಎಲ್ಲ ಒಳ್ಳೆಯದಾಗಲಿ.

ನಿನ್ನ,
ಫಿರ್ದೋಸ್

ತಾ.ಕ.: ಮರೆತು ಕೊನೆಗೆ ಬರೆಯುತ್ತಿರುವುದಲ್ಲ ಇದು. ಶುಕ್ರವಾರ ಹಲ್ಲು ತೋರಿಸಲು ಬಟವಾಡಿಗೆ ಹೋಗಿದ್ದೆ. ಕ್ಲಿನಿಕ್ ಪಕ್ಕದಲ್ಲಿ ನಿಮ್ಮಮ್ಮ ಹೊಂಬಾಳಮ್ಮ ಸೊಪ್ಪು ಕೊಳ್ಳುತ್ತಿದ್ದರು. "ಅಯ್ಯೋ ಫಿರ್ದೋಸಾ! ಸಣ್ಣಕಾಗ್ಬುಟ್ಟಿದ್ದೀಯಲ್ಲವ್ವಾ! ಜೂನ್‌ನಲ್ಲಿ ಅವ್ರಪ್ಪ ಬಿದ್ದು ಸೊಂಟ ಮುರ್ಕಂಡ್ಮೇಲೆ ಇಲ್ಲೇ ಬಾಡ್ಗೆ ಮನೇಲಿ ಇದೀವಿ. ಮೋನಿಕಾ ಹಿರೇಹಳ್ಳಿ ಫ್ಯಾಕ್ಟ್ರಿಗೆ ಹೋಗ್ತಾಳೆ. ಐದಕ್ಕೇ ಎದ್ದು ಬುತ್ತಿ ಕಟ್ಕಂಡು ವ್ಯಾನ್ ಹತ್ತುತ್ತೆ ಕೂಸು, ಪುಸ್ತಕ ಮುಟ್ಟಕ್ಕೆ ಪುರುಸೊತ್ತೆಲ್ಲಿ? ನಿನ್ ಕಾಗ್ದ ಅವ್ರಣ್ಣ ಊರಿಂದ ತಂದ್ಕೊಡ್ತಾನೆ, ಬಚ್ಚಿಟ್ಕಂಡು ಓದ್ತಾಳೆ. ನಿಂಗೆ ಹೇಳಿಲ್ವಾ?" ಅಂದರು.

ಹೇಳಿದ್ದಾಳೆ ಅಂದೆ.

ನಮ್ಮ ಹಾಸ್ಟೆಲಿನಿಂದ ಬಟವಾಡಿಗೆ ಒಂದೇ ಸಿಟಿ ಬಸ್ಸು. ಮೂರು ತಿಂಗಳಿಂದ ಇಲ್ಲೇ ಇದ್ದೀಯ. ನಿಜ ಗೊತ್ತಾದರೆ ನಾನೂ ಓದು ಬಿಟ್ಟುಬಿಡುತ್ತೇನೆ ಅಂತ ಹಾಗೆ ಬರೆದೆಯಾ, ಇಲ್ಲ ನನ್ನ ಮುಖ ನೋಡುವುದೇ ಬೇಡವಾಯಿತಾ? ಪರೀಕ್ಷೆಗೆ ಕೂರುತ್ತೀಯಾ, ಇಲ್ಲವಾ? ಈ ಕಾಗದ ನಿಮ್ಮಮ್ಮ ಹೇಳಿದ ಬಟವಾಡಿ ವಿಳಾಸಕ್ಕೇ ಹಾಕುತ್ತಿದ್ದೇನೆ. ಬರುವ ಭಾನುವಾರ ಪುಸ್ತಕ ತೆಗೆದುಕೊಂಡು ಬರಲಾ, ಬೇಡವಾ? ಬೇಡ ಅನ್ನುವುದಾದರೂ ಬರಿ. ಬೇಗ ಬರಿ.