ನನಗಿಂತ ಮೊದಲು ಕೇಳಿಸಿಕೊಂಡವರಿಗೆ

ಅನಸೂಯ ಮೇಡಂ ಅವರಿಗೆ,

ಡೈರಿ ಮಮತ ಮಾಡುವ ನಮಸ್ಕಾರ.

ದಿಲ್ಲಿಯಿಂದ ಬಂದ ಮೇಲೆ ನೀವು ಎಷ್ಟೋ ಸಲ ಫೋನ್ ಮಾಡಿದಿರಿ. ನಾನು ಎತ್ತಲಿಲ್ಲ. ಹಾಲು ಹಾಕುವವರ ಗದ್ದಲದಲ್ಲಿ ಕೇಳಿಸಲಿಲ್ಲವಂತೆ ಎಂದು ನಮ್ಮವರು ನಿಮಗೆ ಹೇಳಿರಬೇಕು. ಕೇಳಿಸಿತ್ತು ಮೇಡಂ. ಮೊಬೈಲಿನಲ್ಲಿ ನಿಮ್ಮ ಹೆಸರು ಕಂಡರೆ ನನಗೆ ಈಗಲೂ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತದೆ. ಎದುರಿಗೆ ಕೂತು ಹೇಳುವಷ್ಟು ಧೈರ್ಯವಿಲ್ಲ. ಹೇಳದೆ ಇರುವುದೂ ಆಗುತ್ತಿಲ್ಲ. ಅದಕ್ಕೇ ಈ ಕಾಗದ.

ಇದು ಗಂಡನನ್ನು ಇನ್ನೊಬ್ಬಳು ಕಿತ್ತುಕೊಂಡಳು ಎನ್ನುವ ಜಾತಿಯ ಹೊಟ್ಟೆಕಿಚ್ಚಲ್ಲ. ಹಾಗಿದ್ದಿದ್ದರೆ ಸುಲಭವಿತ್ತು. ನಿಮ್ಮ ಗೇಟಿನ ಮುಂದೆ ನಿಂತು ಮಣ್ಣು ತೂರಿ, ನಾಲ್ಕು ಜನರನ್ನು ಸೇರಿಸಿ ನ್ಯಾಯ ಕೇಳುತ್ತಿದ್ದೆ. ಇವರು ನಿಮ್ಮನ್ನು ಅಕ್ಕ ಎನ್ನುತ್ತಾರೆ. ನೀವೂ ಒಡಹುಟ್ಟಿದವನನ್ನು ನೋಡಿಕೊಂಡ ಹಾಗೆಯೇ ನೋಡಿಕೊಂಡಿರಿ. ಅಂಥವರ ಮೇಲೆ ಹೊಟ್ಟೆ ಉರಿಯುತ್ತದೆ ಎಂದರೆ ನನ್ನ ತಾಯಿಯೂ ನನ್ನನ್ನೇ ಬೈಯುತ್ತಾಳೆ.

ನಮ್ಮ ಮದುವೆಯಾದ ಎರಡು ವರ್ಷಕ್ಕೆ ನನಗೆ ಹೆರಿಗೆಯಾಯಿತು. ಹೆಣ್ಣು ಮಗು, ಹೊಟ್ಟೆಯಲ್ಲೇ ಉಸಿರು ಹೋಗಿತ್ತು. ನನಗೆ ಪ್ರಜ್ಞೆ ಬರುವಷ್ಟರಲ್ಲಿ ಇವರು ಮಗುವನ್ನು ಊರಿಗೆ ಒಯ್ದು ಮಣ್ಣು ಮಾಡಿ ಆಗಿತ್ತು. ನಾನು ಅವಳನ್ನು ನೋಡಲೇ ಇಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಬಾಣಂತಿ ಕೋಣೆಯಿಂದ ಎದ್ದು ಓಡಾಡುವಂತಾದಾಗ ಒಂದು ದಿನ ಇವರನ್ನು ಕೇಳಿದೆ, "ಮಗು ಹೆಂಗಿತ್ತು?" "ಮಗು ಥರಾನೇ ಇತ್ತು" ಎಂದವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಮರಳಿ ಬಂದದ್ದು ಕುಡಿದು. ಕುಡಿತ ಹತ್ತಿದ್ದು ಪಿಲ್ಲಗುಂಪೆ ಫ್ಯಾಕ್ಟರಿಯ ಸಹವಾಸದಿಂದ ಎಂದು ಅತ್ತೆ ಮುನಿತಾಯಮ್ಮ ಎಲ್ಲರ ಹತ್ತಿರವೂ ಹೇಳಿಕೊಂಡು ಬಂದರು. ನಾನೂ ಅದನ್ನೇ ನಂಬಿದ್ದೆ. ಫ್ಯಾಕ್ಟರಿ ಕೆಲಸ ಹೋಯಿತು, ಕುಡಿತ ಹೋಗಲಿಲ್ಲ.

ಆ ವರ್ಷಗಳಲ್ಲಿ ನಾನು ಏನೇನು ಮಾಡಿದೆ ಎಂಬುದನ್ನು ಯಾರೂ ನಿಮ್ಮಲ್ಲಿ ಬರೆದಿಟ್ಟುಕೊಂಡಿಲ್ಲ. ಹರಕೆ ಹೊತ್ತೆ. ಯಾರೋ ಕೊಟ್ಟ ಪುಡಿಯನ್ನು ಸಾರಿಗೆ ಬೆರೆಸಿದೆ. ಮಾವಿನ ತೋಪಿನಲ್ಲಿ ಕುಡಿದು ಬಿದ್ದ ಇವರನ್ನು ಹಾಲಿನ ಆಟೊದಲ್ಲಿ ಕ್ಯಾನುಗಳ ನಡುವೆ ಕೂರಿಸಿಕೊಂಡು ತಂದೆ. ವಾಂತಿ ಬಳಿದೆ, ಹೊಡೆತ ತಿಂದೆ, ಒಮ್ಮೆ ತಿರುಗಿಸಿಯೂ ಹೊಡೆದೆ. ಕೊನೆಗೆ ಆವತಿ ದಾರಿಯಲ್ಲಿ, ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಆ ಉದ್ದನೆಯ ಮನೆಗೆ, ಕುಡಿತ ಬಿಡಿಸುವ ನಿಮ್ಮ ಕೇಂದ್ರಕ್ಕೆ ತಂದು ಬಿಟ್ಟೆ. ನೀವು ಬಾಗಿಲಲ್ಲಿ ನಿಂತು "ಮುರಳಿ, ಬಾರಪ್ಪ" ಎಂದಿರಿ. ಇವರು ಬೆಕ್ಕಿನ ಮರಿಯ ಹಾಗೆ ಒಳಗೆ ಹೋದರು. ನಾನು ಇವತ್ತಿನವರೆಗೆ ಇವರನ್ನು ಹೆಸರು ಹಿಡಿದು ಕರೆದವಳಲ್ಲ. ನೀವು ಮೊದಲ ಮಾತಿಗೇ ಕರೆದಿರಿ. ಉರಿ ಆವತ್ತೇ ಹತ್ತಿತೆಂದು ಕಾಣುತ್ತದೆ.

ಮೊದಲ ತಿಂಗಳು ನನ್ನನ್ನು ಒಳಗೆ ಬಿಡಲಿಲ್ಲ. ನಿಯಮ ಎಂದಿರಿ. ಒಗೆದ ಬಟ್ಟೆ ಕೊಡಲು ಬಂದ ಒಂದು ದಿನ ಕಾಂಪೌಂಡಿನ ಆಚೆ ಇವರು ನಕ್ಕಿದ್ದು ಕೇಳಿಸಿತು. ಗಂಟಲು ಬಿಟ್ಟು, ಕೆಮ್ಮು ಬರುವ ತನಕ ನಗುವ ಆ ನಗೆಯನ್ನು ನಾನು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಸಂತೋಷಪಡಬೇಕಿತ್ತು ತಾನೆ? ಬಟ್ಟೆಯ ಗಂಟು ಗೇಟಿನವನ ಕೈಗೆ ಕೊಟ್ಟು ಅಳುತ್ತಾ ಬಸ್ ಹತ್ತಿದೆ. ನಾನು ಇಷ್ಟು ವರ್ಷ ಹುಡುಕಿದ್ದು ನಿಮ್ಮ ಗೋಡೆಯ ಆಚೆ ಸಿಕ್ಕಿತ್ತು.

ಮನೆಗೆ ಬಂದ ಮೇಲೆ ಇವರು ಕುಡಿಯಲಿಲ್ಲ. ಆ ಋಣ ನನ್ನ ತಲೆಯ ಮೇಲಿದೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಬೆಳಗಾದರೆ ನೀವೇ. "ಸಂಜೆ ಹೊತ್ತು ಹೊಟ್ಟೆ ಖಾಲಿ ಇರಬಾರ್ದಂತೆ ಕಣೇ, ಅಕ್ಕ ಹೇಳವ್ರೆ." ನಾನು ಸಂಜೆಯಾದರೆ ತಟ್ಟೆ ಹಿಡಿದುಕೊಂಡು ತೋಪಿನವರೆಗೆ ಹೋಗುತ್ತಿದ್ದವಳು! "ಕೋಪ ಬಂದಾಗ ಮಾತಾಡ್ಬಾರ್ದಂತೆ, ಅಕ್ಕ ಹೇಳವ್ರೆ." ಅದನ್ನು ನಾನು ಎಷ್ಟು ಸಲ ಹೇಳಿರಲಿಲ್ಲ? ಅತ್ತೆಯಂತೂ ನಿಮ್ಮ ಕೇಂದ್ರದ ಕ್ಯಾಲೆಂಡರನ್ನು ದೇವರ ಪಟದ ಪಕ್ಕ ನೇತುಹಾಕಿ, "ಆ ಮೇಡಮ್ಮ ನನ್ ಮಗನ್ನ ಇನ್ನೊಂದ್ಸಲ ಹೆತ್ತು ಕೊಟ್ಲು ಕಣಮ್ಮಾ" ಎಂದರು. ಸಾಯದಂತೆ ಅಲ್ಲಿಯವರೆಗೆ ಉಳಿಸಿ ತಂದವಳು ಪಕ್ಕದಲ್ಲೇ ರಾಗಿ ರೊಟ್ಟಿ ತಟ್ಟುತ್ತಿದ್ದಳು.

ಇಷ್ಟಾದರೂ ನುಂಗಿಕೊಂಡಿದ್ದೆ. ದೇವನಹಳ್ಳಿಯ ಆ ಸಭೆ ಆಗದಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತೇನೋ.

ವ್ಯಸನಮುಕ್ತಿ ಕೇಂದ್ರಗಳ ಒಕ್ಕೂಟದವರು ಬೇರೆ ಬೇರೆ ರಾಜ್ಯಗಳಿಂದ ಬಂದಿದ್ದರು. ಸರ್ಕಾರ ಇಡೀ ದೇಶಕ್ಕೆ ಹೊಸ ನೀತಿ ಮಾಡುತ್ತಿದೆ, ಅದರ ಕರಡಿನಲ್ಲಿ ನಿಮ್ಮಂಥ ಸಣ್ಣ ಕೇಂದ್ರಗಳನ್ನು ಮರೆತೇಬಿಟ್ಟಿದ್ದಾರೆ, ಅನುದಾನ ತಡವಾಗಿ ಅಡುಗೆಯವರೂ ಕೆಲಸದವರೂ ಬಿಟ್ಟು ಹೋಗುತ್ತಿದ್ದಾರೆ, ಇದನ್ನು ದಿಲ್ಲಿಗೆ ಹೋಗಿ ಹೇಳಬೇಕು ಎಂದು ನೀವು ಮಾತಾಡಿದಿರಿ. ನೀಟಾಗಿ ಸೀರೆಯುಟ್ಟು, ಮೈಕಿಗೆ ಅಂಜದೆ, ಎಷ್ಟು ಚೆನ್ನಾಗಿ ಮಾತಾಡಿದಿರಿ! ಅದಕ್ಕೂ ಹೊಟ್ಟೆ ಉರಿಯಿತು. ಆಮೇಲೆ, ದಿಲ್ಲಿಗೆ ಇವರೂ ಬರುತ್ತಾರೆ ಎಂದು ಹೇಳಿ ಇವರನ್ನು ವೇದಿಕೆಗೆ ಕರೆದಿರಿ. ಇವರು ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಕೂತಿದೆ.

"ನಮ್ಗೊಂದು ಹೆಣ್ಣು ಮಗು ಆಗಿತ್ತು. ಉಸ್ರಿರಲಿಲ್ಲ. ನಮ್ಮನೆಯವ್ಳಿಗೆ ಎಚ್ಚರ ಇರಲಿಲ್ಲ. ಟವಲ್ಲಲ್ಲಿ ಸುತ್ತಿ ನನ್ ಕೈಗೆ ಕೊಟ್ರು. ನೋಡಿದ್ದು ನಾನೊಬ್ನೇ. ಗದ್ದ ಅವ್ರಮ್ಮಂದೇ, ಮಧ್ಯ ಸಣ್ಣ ಗುಳಿ. ಮನಸಲ್ಲೇ ಕೀರ್ತನ ಅಂತ ಕರ್ದೆ. ಮಣ್ಣು ಮಾಡಿ ಬರೋವಾಗ, ಇವ್ಳು ಮಗು ಹೆಂಗಿತ್ತು ಅಂದ್ರೆ ಏನ್ ಹೇಳ್ಲಿ ಅಂತ ಹೆದರ್ಕೊಂಡು ಅಂಗಡಿಗೆ ಹೋದೆ. ಆವತ್ತಿಂದ ಹೋಗ್ತಾನೇ ಇದ್ದೆ. ಇದನ್ನ ಮೊದ್ಲು ಹೇಳಿದ್ದು ಅನಸೂಯಕ್ಕಂಗೆ."

ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಯಾವ ಊರಿನ ಹೆಂಗಸೋ ಕಣ್ಣೊರೆಸಿಕೊಂಡು, "ಪಾಪ, ಆ ತಾಯಿ ಹೆಂಗ್ ತಡ್ಕೊಂಡ್ಳೋ" ಎಂದಳು. ಆ ತಾಯಿ ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಕೈ ತಾನಾಗಿಯೇ ನನ್ನ ಗದ್ದಕ್ಕೆ ಹೋಗಿತ್ತು. ಆ ಗುಳಿ ಅವಳಿಗೂ ಇತ್ತು. ಅದು ನಿಮಗೆ ಗೊತ್ತಿತ್ತು, ಈಗ ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಒಂಬತ್ತು ತಿಂಗಳು ಹೊತ್ತವಳಿಗೆ ಎಲ್ಲರ ಜೊತೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮೈಕಿನಲ್ಲಿ ಗೊತ್ತಾಯಿತು. ನನ್ನ ಮಗಳಿಗೆ ಹೆಸರಿತ್ತು ಮೇಡಂ. ಆ ಹೆಸರು ನಿಮ್ಮ ಕಿವಿಗೆ ಮೊದಲು ಬಿತ್ತು.

ಮಾರನೆಯ ದಿನ ಬೆಳಗಿನ ಹಾಲು ಲಾರಿಗೆ ತುಂಬಿಸಿ ನೇರ ನಿಮ್ಮಲ್ಲಿಗೆ ಬಂದೆ. ನೀವು ಅಡುಗೆ ಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಮುದ್ದೆ ತೊಳಸುತ್ತಿದ್ದಿರಿ. ನಾನು ಕೂಗಾಡಿದ್ದು ನಿಮಗೆ ನೆನಪಿದೆ. "ನನ್ ಮಗಳನ್ನ ದಿಲ್ಲಿಗೆ ತಗೊಂಡು ಹೋಗಿ ಮಾರಿ ದುಡ್ಡು ತರ್ತೀರಾ?" ಎಂದೆ. ನೀವು ಕೋಲು ಬಿಡಲಿಲ್ಲ, ಮುದ್ದೆ ಗಂಟಾಗುತ್ತದಲ್ಲ. ತೊಳಸುತ್ತಲೇ ಹೇಳಿದಿರಿ, "ಏನ್ ಮಾತಾಡ್ಬೇಕು ಅಂತ ನಾನು ಮುರಳಿಗೆ ಹೇಳಿಕೊಡ್ಲಿಲ್ಲ ಕಣಮ್ಮ. ನಿನಗೆ ಮೊದ್ಲು ಹೇಳಿದಾನೆ ಅಂದ್ಕೊಂಡಿದ್ದೆ. ಅವನು ಒಳಗೆ ಹೇಳಿದ್ದನ್ನ ನಾನಾಗಿ ನಿನಗೆ ಹೇಳೋ ಹಂಗಿರಲಿಲ್ಲ."

"ಹಂಗಾದ್ರೆ ನಂಗ್ಯಾರು ಹೇಳ್ಬೇಕಿತ್ತು?"

ಆಗ ನೀವು ಒಲೆ ಆರಿಸಿದಿರಿ. ಕೋಪ ಬಂದಿತ್ತು ನಿಮಗೆ, ನನ್ನ ಮೇಲಲ್ಲ. "ಅರ್ಪಿತ ಅಂತ ಒಬ್ಳಿದ್ಲು. ಮನೆಯೋರನ್ನ ಕರೆಸಿ, ಗಂಡ ಹೆಂಡ್ತೀನ ಎದುರುಬದುರು ಕೂರಿಸಿ ಮಾತಾಡ್ಸೋದೇ ಅವಳ ಕೆಲ್ಸ. ಸಂಬಳ ಕೊಡೋಕಾಗ್ಲಿಲ್ಲ, ಮುರಳಿ ಬರೋ ಮುಂಚೇನೇ ಹೋದ್ಲು. ಅವಳಿದ್ದಿದ್ರೆ ಈ ಮಾತು ನೀನು ಇಲ್ಲೇ, ಅವನ ಬಾಯಿಂದ್ಲೇ ಕೇಳಿರ್ತಿದ್ದೆ. ಹೊಸ ನೀತೀಲಿ ಆ ಕೆಲ್ಸಾನೇ ತೆಗೆದುಬಿಟ್ಟವ್ರೆ. ನಾನು ದಿಲ್ಲಿಗೆ ಹೋಗ್ತಿರೋದೇ ಅದಕ್ಕೆ" ಎಂದಿರಿ.

ಅರ್ಪಿತ ಎನ್ನುವವಳ ಮುಖವನ್ನೂ ನಾನು ನೋಡಿಲ್ಲ. ಇದ್ದಿದ್ದರೆ ನನ್ನ ಪಾಲಿಗೆ ಬರುತ್ತಿದ್ದ ಒಬ್ಬಳು, ಬರದೇ ಹೋದಳು. ಆವತ್ತು ನೀವು ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದೆ.

ಮನೆಗೆ ಬಂದು ಇವರನ್ನು ಡೈರಿಗೆ ಕರೆದು, ಬಾಗಿಲು ಮುಂದೆ ಮಾಡಿ, ಬೋರಲು ಹಾಕಿದ ಕ್ಯಾನಿನ ಮೇಲೆ ಕೂರಿಸಿದೆ. ನೆಲ ತೊಳೆದ ನೀರು ಇನ್ನೂ ಆರಿರಲಿಲ್ಲ. "ನಂಗೆ ಹೇಳಿ. ಅಕ್ಕಂಗೆ ಹೇಳ್ದಂಗೆ ಬೇಡ, ನಾನು ಕೇಳ್ದಂಗೆ ಹೇಳಿ" ಎಂದೆ.

"ಕೇಳು."

"ಕೂದಲಿತ್ತಾ?"

"ಇತ್ತು. ದಂಡಿಯಾಗಿತ್ತು."

"ಮೈಬಣ್ಣ?"

"ನಂದೇ. ಕಪ್ಪು."

"ನಂಗ್ಯಾಕೆ ಹೇಳ್ಲಿಲ್ಲ? ಅವ್ರಿಗೆ ಹೇಳೋಕೆ ಬಾಯಿ ಬಂತಲ್ಲ."

ಇವರು ಒದ್ದೆ ನೆಲದ ಮೇಲೆ ಹೆಬ್ಬೆರಳು ಎಳೆದರು. "ಅಕ್ಕಂಗೆ ಹೇಳಿದ್ರೆ ಅಕ್ಕ ಕೇಳ್ಕೊಂಡು ಊಟಕ್ಕೆ ಏಳ್ತಾರೆ. ನೀನು ಏಳ್ತಿದ್ಯಾ?" ಎಂದರು. ಆಮೇಲೆ ಇಬ್ಬರೂ ಅತ್ತೆವು. ಅವಳು ಸತ್ತು ಅಷ್ಟು ವರ್ಷಕ್ಕೆ, ಮೊದಲ ಸಲ ಒಟ್ಟಿಗೆ. ಸಂಜೆ ಹಾಲು ಹಾಕಲು ಬಂದವರು ಬಾಗಿಲು ಬಡಿಯುವ ತನಕ ಕೇಳುತ್ತಲೇ ಇದ್ದೆ. ಇವರು ನಿಮಗೆ ಹೇಳದಿದ್ದ ಒಂದು ಸಂಗತಿಯನ್ನು ನನಗೆ ಹೇಳಿದರು. "ಇದನ್ನ ಅಕ್ಕಂಗೆ ಹೇಳಿದ್ರಾ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಇಲ್ಲ ಎಂದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ದಿಲ್ಲಿಗೆ ನಾನೂ ಬರುತ್ತೇನೆ ಎಂದು ಹಟ ಹಿಡಿದದ್ದು ನಿಮ್ಮ ಮೇಲೆ ಕಣ್ಣಿಡುವುದಕ್ಕೆ, ನಿಜ ಹೇಳಬೇಕೆಂದರೆ. ಇವರು ಮತ್ತೆ ಮೈಕು ಹಿಡಿದು ಮಗಳ ಮಾತೆತ್ತಿದರೆ ತಡೆಯಬೇಕೆಂದು. ಇವರು ಎತ್ತಲಿಲ್ಲ. ತಾನು ಕುಡಿದದ್ದು, ಬಿಟ್ಟದ್ದು ಅಷ್ಟೇ ಹೇಳಿ ಕೂತರು. ನಮ್ಮ ಅಹವಾಲು ಕೇಳಲು ಕೂತಿದ್ದ ಅಧಿಕಾರಿ, ಮನೆಯವರ ಜೊತೆ ಕೂತು ಮಾತಾಡಿಸುವುದು ಹೆಚ್ಚುವರಿ ಖರ್ಚು ಎಂದರು; ಅದನ್ನು ನಮಗೆ ಕನ್ನಡದಲ್ಲಿ ತಿಳಿಸಿ, ನೀವು ಹಿಂದಿಯಲ್ಲಿ ಹೇಳುತ್ತಾ ಹೇಳುತ್ತಾ ಸೋಲುತ್ತಿದ್ದಿರಿ. ಭಾಷೆ ತಿಳಿಯದಿದ್ದರೂ ನಿಮ್ಮ ಭುಜ ಇಳಿದದ್ದು ನನಗೆ ಕಂಡಿತು. ಆವತ್ತು ನಿಮ್ಮ ಸೋಲು ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾರೂ ಕರೆಯದಿದ್ದರೂ ಎದ್ದು ನಿಂತೆ.

"ನಮ್ಮ ಯಜಮಾನ್ರಿಗೆ ಅಲ್ಲಿ ಕೂರೋಕೆ ಕುರ್ಚಿ ಇತ್ತು ಸ್ವಾಮಿ, ಕೇಳೋಕೆ ಈ ಮೇಡಂ ಇದ್ರು. ನಾನು ಗೇಟಿನಾಚೆ ನಿಂತಿದ್ದೆ. ಕುಡಿತ ಬಿಡಿಸಿ ಕಳಿಸಿದ್ರು, ಒಳ್ಳೇದಾಯ್ತು. ಆದ್ರೆ ಬಂದೋರು ಯಾರು, ಅವ್ರೊಳಗೆ ಏನಿದೆ ಅಂತ ನಂಗೊತ್ತಿರಲಿಲ್ಲ. ಒಂದೇ ಮನೇಲಿ ಇಬ್ರೂ ಬೇರೆಯೋರ ಥರ ಇದ್ವಿ. ನನ್ನಂಥೋರ ಹತ್ರ ಕೂರೋಕೆ ಒಬ್ರು ಬೇಕು. ಈ ಮೇಡಂ ಒಬ್ರೇ ಎಷ್ಟು ಮಾಡ್ತಾರೆ? ಅಡುಗೇನೂ ಅವ್ರೇ ಮಾಡ್ತಾರೆ."

ನನ್ನ ಮಾತು ಅಧಿಕಾರಿಗೆ ತಲುಪಬೇಕಾದರೂ ನಿಮ್ಮ ಬಾಯಿಂದಲೇ ಹೋಗಬೇಕಾಯಿತಲ್ಲ! ನೀವು ಒಂದೊಂದೇ ವಾಕ್ಯ ಹಿಂದಿಗೆ ತಿರುಗಿಸುತ್ತಾ ಬಂದು, ಗೇಟಿನ ಮಾತಿಗೆ ನಿಂತುಬಿಟ್ಟಿರಿ. ನೀರು ಕುಡಿದು ಮುಂದುವರಿಸಿದಿರಿ. ಆ ಅಧಿಕಾರಿ ಪೆನ್ನು ತೆಗೆದರು.

ಪರಿಷ್ಕರಿಸಿದ ಕರಡಿನಲ್ಲಿ ಅರ್ಪಿತ ಮಾಡುತ್ತಿದ್ದ ಆ ಕೆಲಸವನ್ನು ಮತ್ತೆ ಸೇರಿಸಿದ್ದಾರೆ, ಹಣ ಇನ್ನೂ ಮಂಜೂರಾಗಬೇಕು ಎಂದು ಮೊನ್ನೆ ನಮ್ಮವರು ಹೇಳಿದರು. ನೀವು ಅದನ್ನು ಹೇಳಲೆಂದೇ ನನಗೆ ಫೋನ್ ಮಾಡುತ್ತಿದ್ದಿರಂತೆ. ಹಣ ಬಂದು, ಆ ಹುದ್ದೆಗೆ ಯಾರಾದರೂ ಬಂದರೆ ಹೇಳಿ. ಹೊಸದಾಗಿ ಗಂಡಂದಿರನ್ನು ಬಿಡಲು ಬರುವ ಹೆಂಗಸರ ಜೊತೆ ನಾನೂ ವಾರಕ್ಕೊಮ್ಮೆ ಬಂದು ಕೂರುತ್ತೇನೆ. ಗೇಟಿನ ಆಚೆ ನಿಂತು ಅತ್ತವರಿಗೆ ಏನು ಹೇಳಬೇಕೆಂದು ನನಗೆ ಗೊತ್ತಿದೆ.

ಇನ್ನೊಂದು ವಿಷಯ. ಬರುವ ಸೋಮವಾರ ಇವರು ನನ್ನನ್ನು ಮಗುವನ್ನು ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಇಲ್ಲೇ ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಮಾವನವರ ಹೊಲದ ಬದುವಿನಲ್ಲಿದೆಯಂತೆ. ಆ ಹೊಲಕ್ಕೆ ನಾನು ಕಳೆ ಕೀಳಲು ಎಷ್ಟು ಸಲ ಹೋಗಿದ್ದೇನೋ, ಯಾವ ಬದು ಎಂದು ಗೊತ್ತಿರಲಿಲ್ಲ. ನಿನ್ನೆ ಇವರು, "ಅಕ್ಕನ್ನೂ ಕರೀಯೋಣ್ವಾ?" ಎಂದರು. ನಾನು ಬೇಡ ಎಂದೆ.

ಬೇಸರ ಮಾಡಿಕೊಳ್ಳಬೇಡಿ. ಮರಳಿ ಬಂದ ಇವರ ನಗು ನಿಮಗೆ ಮೊದಲು ಸಿಕ್ಕಿತು, ಅಳು ನಿಮಗೆ ಮೊದಲು ಸಿಕ್ಕಿತು, ನನ್ನ ಮಗಳ ಹೆಸರೂ ನಿಮಗೆ ಮೊದಲು ಸಿಕ್ಕಿತು. ಆ ಬದುವಿನ ಮೇಲೆ ಮಾತ್ರ ನಾವಿಬ್ಬರೇ ನಿಲ್ಲುತ್ತೇವೆ. ಅಷ್ಟು ಜಾಗ ನನಗೆ ಬಿಡಿ.

ಬೇರೆ ಯಾವ ಬಾಗಿಲಿಗೆ ನೀವು ಹೋದರೂ ನಿಮ್ಮ ಮಾತು ಗೆಲ್ಲಲಿ. ನಿಮ್ಮ ಮನೆಯ ಒಲೆ ಆರದಿರಲಿ.

ನಿಮ್ಮ ಮೇಲಿನ ಉರಿ ಇನ್ನೂ ಆರದಿರುವ,
ಕೀರ್ತನಳ ತಾಯಿ
ಮಮತ