ಅಣ್ಣನ ಫೋಟೊಗೆ ನೀವು ಹಾಕಿದ ಹಾರ

ಮಾನ್ಯ ಅಂತರರಾಷ್ಟ್ರೀಯ ಮಾನವ ಹಕ್ಕು ಪ್ರತಿನಿಧಿಗಳೇ,

ನಿಮ್ಮ ವರದಿಯ ಮುಖಪುಟದಲ್ಲಿ ನನ್ನ ಅಣ್ಣ ಬೇಝಲಾಲನನ್ನು ಸಾಯಿಸಿದ್ದೀರಿ. ಸರ್ಕಾರಕ್ಕೂ ಮಾವೋವಾದಿಗಳಿಗೂ ನಡೆದ ಯುದ್ಧದ ವರ್ಷಗಳಲ್ಲಿ, ನೇಪಾಳದ ಬರ್ದಿಯಾದ ನಮ್ಮ ಗದ್ದೆಯಿಂದ ಅವನನ್ನು ಸಮವಸ್ತ್ರದವರು ಎಳೆದೊಯ್ದರು. ಕೊಂದೆವೆಂದು ಅವರು ಇಂದಿಗೂ ಒಪ್ಪಿಲ್ಲ. ಅವರಿಂದಾಗದ ಕೆಲಸವನ್ನು ತಾವು ಒಂದು ಚೆಂಡುಹೂವಿನ ಹಾರದಲ್ಲಿ ಮುಗಿಸಿದಿರಿ.

ಹಾರ ನಮ್ಮದೇ. ಅತ್ತಿಗೆ ಜಗರಾನಿ ಬೆಳಿಗ್ಗೆಯೇ ಪೋಣಿಸಿ, ಅತಿಥಿಗಳೆಂದು ನಿಮ್ಮ ಕೊರಳಿಗೆ ಹಾಕಿದಳು. ಅಕ್ಕಿಹಿಟ್ಟಿನ ಢಿಕ್ರಿ ಬೇಯಿಸಿ ಕೊಟ್ಟಳು. ಅವಳ ಕಥೆ ಕೇಳಿ ನಿಮ್ಮ ಕಣ್ಣು ತುಂಬಿತು, ಅದನ್ನು ಸುಳ್ಳೆನ್ನುವುದಿಲ್ಲ. ಆಮೇಲೆ ನಿಮ್ಮ ಕೊರಳಿನ ಹಾರ ತೆಗೆದು, ಗೋಡೆಯ ಮೇಲಿದ್ದ ಅಣ್ಣನ ಫೋಟೊಗೆ ಹಾಕಿ ಕೈಮುಗಿದಿರಿ. ಜೊತೆಗೆ ಬಂದವರು ಚಿತ್ರ ತೆಗೆದುಕೊಂಡರು; ಅದೇ ನಿಮ್ಮ ಮುಖಪುಟವಾಯಿತು. ನಮ್ಮಲ್ಲಿ ಸತ್ತವರ ಫೋಟೊಗೆ ಹಾರ ಹಾಕುತ್ತಾರೆಂದು ನಿಮಗೆ ಯಾರೂ ಹೇಳಿರಲಿಲ್ಲವೇ? ಹೇಳಬೇಕಾದವಳು ನಾನೇ, ನಿಮ್ಮ ದುಭಾಷಿ, ಪಕ್ಕದಲ್ಲೇ ನಿಂತಿದ್ದೆ. ಅಷ್ಟು ದೊಡ್ಡವರನ್ನು ತಡೆಯುವುದು ಹೇಗೆಂದು ಸುಮ್ಮನಾದೆ. ಆ ಸಂಕೋಚಕ್ಕಾಗಿ ನನ್ನನ್ನು ನಾನು ಕ್ಷಮಿಸಿಲ್ಲ. ನಿಮ್ಮ ಗಾಡಿ ಹೊರಟ ಕೂಡಲೇ ಅತ್ತಿಗೆ ಹಾರ ಕಿತ್ತೆಸೆದಳು. ಅದರ ಚಿತ್ರ ಮಾತ್ರ ಯಾರೂ ತೆಗೆಯಲಿಲ್ಲ.

ಕಳೆದ ವಾರ ಜಿಲ್ಲಾ ಅಧಿಕಾರಿಯೊಬ್ಬರು ನಿಮ್ಮ ವರದಿಯನ್ನೇ ನಮ್ಮ ಮುಂದಿಟ್ಟರು.

"ಹಾರ ಹಾಕಿದ ಮೇಲೆ ಇನ್ನು ಯಾರನ್ನಮ್ಮ ಹುಡುಕೋದು? ಮರಣ ದಾಖಲೆಗೆ ಹೆಬ್ಬೆಟ್ಟು ಒತ್ತಿಬಿಡಿ."

ಆ ಹೆಬ್ಬೆಟ್ಟು ಬಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಕಡತ ಮುಚ್ಚಲು ಅವರಿಗೆ ನೆಪ ಬೇಕಿತ್ತು. ತಾವು ಅದನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಕೊಟ್ಟಿರಿ. ಅತ್ತಿಗೆ ಕೆಂಪು ಬಳೆಯ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಹಾರ ಹಾಕಿದೋರು ಹೆಣ ತೋರಿಸ್ಲಿ ಸಾಹೇಬ್ರೇ. ಆಗ ಬಳೆ ತೆಗೀತೀನಿ."

ನಿಮಗೆ ಬರೆದೆ. ಸಾರ್ವಭೌಮ ರಾಷ್ಟ್ರದ ಆಂತರಿಕ ವ್ಯವಹಾರದಲ್ಲಿ ತಾವು ಕೈಹಾಕುವಂತಿಲ್ಲ, ತೀವ್ರ ಕಳವಳ ವ್ಯಕ್ತಪಡಿಸಬಹುದು ಅಷ್ಟೇ ಎಂದು ಉತ್ತರ ಬಂತು. ಬಹಳ ಸಂತೋಷ. ನಮ್ಮ ಮನೆಯ ಗೋಡೆಗೆ ಕೈಹಾಕುವಾಗ ಈ ಸಂಯಮ ಎಲ್ಲಿತ್ತು? ದೇಶದ ಗಡಿ ಅಷ್ಟು ಸ್ಪಷ್ಟವಾಗಿ ಕಾಣುವ ನಿಮಗೆ ನಮ್ಮ ಹೊಸ್ತಿಲು ಕಾಣಲಿಲ್ಲವೇ? ಇಷ್ಟು ವರ್ಷಗಳಲ್ಲಿ ನಿಮ್ಮ ತೀವ್ರ ಕಳವಳ ಒಂದೇ ಒಂದು ಠಾಣೆಯ ಬಾಗಿಲನ್ನಾದರೂ ತಟ್ಟಿದೆಯೇ?

ಹೆಬ್ಬೆಟ್ಟಿಗೆ ಅಧಿಕಾರಿ ಕೊಟ್ಟ ಗಡುವು ಈ ತಿಂಗಳ ಕೊನೆ. ಅಷ್ಟರೊಳಗೆ ಆ ಮುಖಪುಟ ಹಿಂಪಡೆಯಿರಿ. ‘ಹಾರ ಹಾಕಿದ್ದು ನಾನು, ಮನೆಯವರಲ್ಲ, ಅವರು ಸಾವನ್ನು ಒಪ್ಪಿಲ್ಲ’ ಎಂದು ನಿಮ್ಮದೇ ಸಹಿಯಲ್ಲಿ ಸರ್ಕಾರಕ್ಕೆ ಬರೆಯಿರಿ. ಬೇಝಲಾಲ ಎಲ್ಲಿ ಎಂದು ಅದೇ ಪತ್ರದಲ್ಲಿ ಕೇಳಿ. ಆಮೇಲೆ ಖಂಡಿತ ಬನ್ನಿ, ಅತ್ತಿಗೆ ಢಿಕ್ರಿ ಬೇಯಿಸುತ್ತಾಳೆ. ಹಾರ ಮಾತ್ರ ಹಾಕುವುದಿಲ್ಲ.

ಇಂತಿ,
ಅಂದು ನಿಮ್ಮ ಮಾತನ್ನೆಲ್ಲ ತಿಳಿಸಿ, ತನ್ನದೊಂದು ಮಾತನ್ನು ನುಂಗಿಕೊಂಡ ದುಭಾಷಿ,
ಸೋಮತಿ ಥಾರು