ಎಕ್ಕಿದಿನ್ನಿಯ ಇಪ್ಪತ್ತು

ಸುಂಕದಗುಡ್ಡ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೊಂದು

ಎಕ್ಕಿದಿನ್ನಿಯ ಗ್ರಾಮಸಭೆಯಲ್ಲಿ ಕೂಡಲಿರುವ ಹಿರಿಯರಿಗೆ ಮತ್ತು ತಾಯಂದಿರಿಗೆ ಸುಂಕದಗುಡ್ಡದ ಹಂಪವ್ವ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವಳು ಬರೆದಿದ್ದಾಳೆಂದು ಕಾಗದವನ್ನು ಮಡಚಿ ಇಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಉಳಿದ ತಿಂಗಳುಗಳಿಂದ ಕಿತ್ತು ಅದಕ್ಕೆ ಕೊಟ್ಟಿದ್ದಾರೆ, ಯಾಕೆಂದು ನನಗೂ ಸರಿಯಾಗಿ ತಿಳಿಯದು. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕೇಳಿ ಕಲಿತಿದ್ದೇನೆ. ನಮ್ಮಲ್ಲಿ ಹಿಂಟಪಾಲು ಎಂಬುದೊಂದಿದೆ, ಆಗಿಹೋದವರಿಗೆ ಕಾಗದ ಮುಟ್ಟಿಸುವ ವ್ಯವಸ್ಥೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ಮುತ್ತಜ್ಜಿಗೆ ಬರೆದು ಉಪ್ಪಿನಕಾಯಿಯ ಹದ ಬರೆದಿಡು ಎಂದು ಹೇಳಿ ಅದನ್ನು ಮುಗಿಸಿಬಿಡುತ್ತಾರೆ. ನಾನು ಕಂಡರಿಯದ ನಿಮಗೆ ಬರೆಯುತ್ತಿದ್ದೇನೆ. ನನ್ನ ಗಂಡ ಅಂದಾನಿ ನಿಮ್ಮ ಊರಿನಲ್ಲಿ ಸಿಕ್ಕಿಕೊಂಡಿದ್ದಾನೆ. ಅವನನ್ನು ಬಿಡಿಸಬಲ್ಲವರು ನೀವು ಮಾತ್ರ.

ನಾವು ಸುತ್ತುಗಾರರು. ವರ್ಷಕ್ಕೊಮ್ಮೆ ಜೋಳದ ರಾಶಿ ಮುಗಿದ ಮೇಲೆ ಬೈಕು ಹತ್ತಿ ಊರೂರು ಸುತ್ತುವವರು. ನಿಮ್ಮ ಕಾಲದಲ್ಲೂ ಭಾನುವಾರ ದೊಡ್ಡ ಊರುಗಳಿಂದ ಹಿಂಡುಹಿಂಡಾಗಿ ಬೈಕುಗಳು ಬರುತ್ತಿದ್ದವಂತೆ; ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಅಂದುಕೊಳ್ಳಿ. ಸಿಟ್ಟಾಗಬೇಡಿ, ನಾವು ಅವರಷ್ಟು ಗದ್ದಲದವರಲ್ಲ. ನಮ್ಮ ಕಾಲದಲ್ಲಿ ನೇರದಾರಿ ಎಂಬ ಹೆದ್ದಾರಿಗಳಿವೆ, ಅಲ್ಲಿ ಗಾಡಿ ತಾನೇ ಓಡುತ್ತದೆ, ಸವಾರ ಕುಂಬಳಕಾಯಿಯಂತೆ ಕೂತಿರಬೇಕು. ಗಾಡಿಯನ್ನು ಸ್ವಂತ ಕೈಯಿಂದ ಓಡಿಸಬೇಕೆಂದರೆ ಒಳದಾರಿಗೇ ಬರಬೇಕು. ಒಳದಾರಿಯಲ್ಲಿ ಸರಕಾರದ ಕಾಯಿದೆ ನಡೆಯುವುದಿಲ್ಲ. ಆಯಾ ಊರು ಹಾಕಿದ್ದೇ ವೇಗದ ಮಿತಿ, ಆಯಾ ಊರಿನದೇ ಕಾವಲು.

ಈ ಮಿತಿಗಳ ಗೋಳನ್ನು ಸ್ವಲ್ಪ ಕೇಳಿ. ಬೋರಲಕುಂಟಿಯಲ್ಲಿ ಹಗಲು ನಲವತ್ತು, ಶಾಲೆ ಬಿಡುವ ಹೊತ್ತಿಗೆ ಹದಿನೈದು. ಅದರ ಮುಂದಿನ ಊರಿನಲ್ಲಿ ಕಾರಿಗೆ ಐವತ್ತು, ಬೈಕಿಗೆ ಮೂವತ್ತು. ಕಾರಣ ಕೇಳಿದರೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹಿರೇಕಣಿವೆಯಲ್ಲಿ ಮಿತಿಯೂ ಇಲ್ಲ, ಕಂಬವೂ ಇಲ್ಲ. ಬೇವಿನ ಮರದ ಕೆಳಗೆ ಯಂಕವ್ವ ಎಂಬ ಮುದುಕಿ ಕೂತಿರುತ್ತಾಳೆ. ಕಣ್ಣು ಕಾಣದ ಆಕೆ ಗಾಡಿಯ ಸದ್ದು ಕೇಳಿಯೇ ತೀರ್ಪು ಕೊಡುತ್ತಾಳೆ. ಒಮ್ಮೆ ನನ್ನನ್ನು ನಿಲ್ಲಿಸಿ, "ಯವ್ವಾ, ನಿನ್ನ ಗಾಡಿ ಜೋರಿಲ್ಲ ಖರೆ, ಆದ್ರ ನೀ ಭಾಳ ಅವಸರದಾಗ ಅದಿ. ಕುಂದರು, ನೀರು ಕುಡದು ಹೋಗು" ಅಂದಳು. ಕೆಲವು ಊರುಗಳು ಮಿತಿ ಬರೆದು ಕಾವಲು ಮರೆತಿವೆ, ಕೆಲವು ಕಾವಲು ಇಟ್ಟು ಮಿತಿ ಬರೆಯುವುದನ್ನೇ ಮರೆತಿವೆ. ಹೆಚ್ಚಿನ ಕಡೆ ಈಗ ಕೂಗುಗಂಬವಿದೆ. ಊರಿನ ಎರಡೂ ಗಡಿಯಲ್ಲಿ ನಿಲ್ಲಿಸಿದ ಕಂಬ ಅದು. ಮಿತಿ ಮೀರಿದರೆ ಕೂಗುತ್ತದೆ, ಗಾಡಿಯನ್ನು ಇದ್ದಲ್ಲೇ ಆರಿಸುತ್ತದೆ. ಬಿಸಿಲು ಕುಡಿದು ಬದುಕುತ್ತದೆ, ಯಾರ ಹಂಗೂ ಅದಕ್ಕಿಲ್ಲ.

ಮಿತಿ ಮೀರಿದವರಿಗೆ ದಂಡವಿಲ್ಲ, ತಂಗಲು ಇದೆ. ತಪ್ಪು ಮಾಡಿದವರು ಆ ಊರಿನಲ್ಲೇ ಉಳಿಯಬೇಕು, ಊರವರು ಸಭೆ ಸೇರಿ "ಹೋಗಿ ಬಾ" ಅನ್ನುವವರೆಗೆ. ಕೇಳಲು ಕ್ರೂರವಾಗಿ ಕಾಣಬಹುದು, ನಿಜದಲ್ಲಿ ಅದೊಂದು ಒಳ್ಳೆಯ ಪದ್ಧತಿ. ಊರವರು ಊಟ ಹಾಕುತ್ತಾರೆ, ತಂಗಿದವರು ಏನಾದರೂ ಕೈಕೆಲಸ ಮಾಡಿಕೊಡುತ್ತಾರೆ, ಹೆಚ್ಚಾಗಿ ಮರುದಿನವೇ ಬಿಡುಗಡೆ. ಅಂದಾನಿ ನನಗೆ ಸಿಕ್ಕಿದ್ದೇ ಹಾಗೆ. ನಮ್ಮೂರ ಕಂಬದ ಕೈಗೆ ಸಿಕ್ಕಿಬಿದ್ದು ನಮ್ಮ ಮನೆಯಲ್ಲಿ ತಂಗಿದ. ಅಪ್ಪನ ಕೆಟ್ಟ ಪಂಪು ರಿಪೇರಿ ಮಾಡಿದ. ಸಭೆ ಬಿಡುಗಡೆ ಕೊಟ್ಟಾಗ ಹೊರಡಲು ಮೀನಮೇಷ ಎಣಿಸುತ್ತ ನಿಂತ. "ಯಾಕೋ, ಇನ್ನೊಮ್ಮೆ ಜೋರು ಹೊಡೀಬೇಕೇನು?" ಎಂದು ಅಪ್ಪ ಕೇಳಿದ್ದಕ್ಕೆ ಇಡೀ ಊರು ನಕ್ಕಿತ್ತು. ತಂಗಲಿಗೆ ಹೆದರಬೇಕೆಂದು ನಮಗೆ ಯಾರೂ ಕಲಿಸಲಿಲ್ಲ.

ಈಗ ನಿಮ್ಮ ಊರಿನ ಮಾತಿಗೆ ಬರುತ್ತೇನೆ. ಹೇಳಲು ನಾಲಿಗೆ ಏಳುತ್ತಿಲ್ಲ, ಹೇಳದೆ ಗತಿಯಿಲ್ಲ. ನಮ್ಮ ಕಾಲದಲ್ಲಿ ಎಕ್ಕಿದಿನ್ನಿಯಲ್ಲಿ ಯಾರೂ ಇಲ್ಲ. ರೋಗವಲ್ಲ, ಯುದ್ಧವಲ್ಲ, ಗಾಬರಿಯಾಗಬೇಡಿ. ನೇರದಾರಿ ಬಂದಾಗ ಒಂದೊಂದೇ ಮನೆ ಅದರ ಪಕ್ಕಕ್ಕೆ ಹೋಯಿತು. ನಿಮ್ಮ ಮಕ್ಕಳ ಮಕ್ಕಳು ಎಲ್ಲೆಲ್ಲೋ ಚೆನ್ನಾಗಿದ್ದಾರೆ. ಗೋಡೆ ಬಿದ್ದಿವೆ, ನಿಮ್ಮ ಶಾಲೆಯ ಮಾಡು ಅರ್ಧ ಉಳಿದಿದೆ, ಕೈಪಂಪು ಒಂದು ಇನ್ನೂ ನೀರು ಕೊಡುತ್ತದೆ. ನಿಮ್ಮ ನಂತರದವರು ನಿಲ್ಲಿಸಿದ ಕೂಗುಗಂಬ ಮಾತ್ರ ಮದುಮಗನಂತೆ ಹೊಳೆಯುತ್ತ ನಿಂತಿದೆ. ಅದರ ಮೇಲಿರುವುದು ನಿಮ್ಮ ಸಭೆಯ ಮಿತಿ, ಇಪ್ಪತ್ತು.

ನಾವು ಆ ಮಿತಿಯನ್ನು ಎಂದೂ ಹಗುರವಾಗಿ ನೋಡಿದವರಲ್ಲ. ಏಳು ಜನ ಸಾಲಾಗಿ ಹೋಗುತ್ತಿದ್ದೆವು. ಮುಂದೆ ಅಂದಾನಿಯ ಅಕ್ಕ ಕಳಕವ್ವ, ಕೊನೆಗೆ ಅಂದಾನಿ, ಅವನ ಮುಂದೆ ನಾನು. ಸಾಲಿನ ಕೊನೆಯವನನ್ನು ನಾವು ಬಾಲಗಾವಲು ಅನ್ನುತ್ತೇವೆ. ತನ್ನ ಮುಂದಿನ ಗಾಡಿ ಅವನ ಕಣ್ಣಿನಿಂದ ಮರೆಯಾಗಕೂಡದು, ಅದು ಸುತ್ತುಗಾರರ ಮೊದಲ ಪಾಠ. ಕಳಕವ್ವ ನಿಮ್ಮ ಊರಿನ ಕೊನೆಯ ಕಂಬ ದಾಟಿದಳು. ದಾಟಿದವರು ಏನು ಮಾಡುತ್ತಾರೆ, ಗಾಡಿಯ ಕಿವಿ ಹಿಂಡುತ್ತಾರೆ. ಅವಳ ಹಿಂದಿನವನು ದಾಟಿದ, ಅವಳನ್ನು ಹಿಡಿಯಲು ಅವನೂ ಹಿಂಡಿದ. ಹೀಗೆ ಸಾಲು ರಬ್ಬರಿನಂತೆ ಎಳೆದುಕೊಂಡಿತು. ನಾನು ದಾಟಿ ವೇಗ ಏರಿಸಿದಾಗ ಕನ್ನಡಿಯಲ್ಲಿ ಅಂದಾನಿ ಸಣ್ಣವನಾಗುತ್ತಿದ್ದ. ಮುಂದೆ ತಿರುವು ಇತ್ತು. ನಾನು ಮರೆಯಾಗುತ್ತೇನೆಂದು ಅವನು ಕಂಬಕ್ಕೆ ಇನ್ನೂ ನಾಲ್ಕು ಮಾರು ಇರುವಾಗಲೇ ಕೈ ತಿರುವಿದ. ಕಂಬ ಕೂಗಿತು. ಅವನ ವೇಗ ಇಪ್ಪತ್ಮೂರು. ಎತ್ತಿನ ಗಾಡಿ ಬೆದರಿ ಓಡಿದರೂ ಅದಕ್ಕಿಂತ ಜೋರು ಹೋಗುತ್ತದೆ.

ಮೊದಲು ನಾವು ನಕ್ಕೆವು. ಕಳಕವ್ವ ಹಿಂದೆ ಬಂದು, "ತಂಗಲೇನೋ ಆತು, ಊಟ ಯಾರ ಮನ್ಯಾಗೋ ತಮ್ಮಾ?" ಎಂದು ಕೆಣಕಿದಳು. ಅವನೂ ನಕ್ಕ. ಬಿದ್ದ ಗೋಡೆಗಳ ಕಡೆ ಒಮ್ಮೆ ನೋಡಿದ ಮೇಲೆ ಯಾರಿಗೂ ನಗು ಬರಲಿಲ್ಲ.

ಬಿಡುಗಡೆ ಕೊಡಲು ಊರು ಬೇಕು, ಊರಿಲ್ಲ. ನಾನು ತಿರುಗದ ಕಚೇರಿಯಿಲ್ಲ. ಒಳದಾರಿಗಳನ್ನು ನೋಡಿಕೊಳ್ಳುವ ಸಾಹೇಬರು ಕೆಟ್ಟವರೇನಲ್ಲ, ಚಹಾ ತರಿಸಿ ಕುಡಿಸಿದರು. "ಊರು ಹಾಕಿದ ಮಿತಿ ಊರೇ ತೆಗೀಬೇಕ್ರಿ ಅವ್ವಾರ, ನಾ ಕೈ ಹಾಕಿದ್ರ ನಾಳೆ ಎಲ್ಲಾ ಊರಿಂದೂ ತೆಗೀರಿ ಅಂತಾರ" ಅಂದರು. ಹಾಗಾದರೆ ನಾನೇ ಹೋಗಿ ಆ ಊರಿನವಳಾಗುತ್ತೇನೆ ಎಂದೆ. ಹೊಸಬರನ್ನು ಊರಿಗೆ ಸೇರಿಸಿಕೊಳ್ಳಲು ಊರ ಸಭೆಯ ಒಪ್ಪಿಗೆ ಬೇಕಂತೆ. ನಿಮ್ಮ ವಂಶದವರನ್ನು ಹುಡುಕಿಕೊಂಡು ಹೋದೆ. ಪಾಪ, ಕಣ್ಣೀರು ಹಾಕಿದರು, ಆದರೆ ಅಲ್ಲಿ ವಾಸವಿಲ್ಲದವರ ಮಾತನ್ನು ಕಂಬ ಕೇಳುವುದಿಲ್ಲ. ಅಂದಾನಿ ಒಮ್ಮೆ ನಡೆದೇ ಗಡಿ ದಾಟಿದ. ಪಕ್ಕದ ಬೋರಲಕುಂಟಿಯ ಕಂಬ ಅವನ ಗುರುತು ಹಿಡಿದು ಕೂಗಿತು, ಚಾಲಕನಿಲ್ಲದ ಬಂಡಿ ಬಂದು ಅವನನ್ನು ಎತ್ತಿ ಮತ್ತೆ ನಿಮ್ಮ ಶಾಲೆಯ ಮುಂದೆ ಇಳಿಸಿ ಹೋಯಿತು.

ಭೇಟಿಗೆ ನನಗೆ ಅಡ್ಡಿಯಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಇಪ್ಪತ್ತರೊಳಗೆ ಗಾಡಿ ಓಡಿಸುತ್ತ ಹೋಗುತ್ತೇನೆ, ಬೆಳಕಿರುವಾಗಲೇ ಹಿಂದಿರುಗಬೇಕು. ಬಂದವರು ರಾತ್ರಿ ಉಳಿಯುವಂತಿಲ್ಲ. ಮೊದಮೊದಲು ಅವನು ಶಾಲೆಯ ಉಳಿದರ್ಧ ಮಾಡನ್ನು ಸೋರದಂತೆ ಸರಿಮಾಡಿದ, ಕೈಪಂಪಿಗೆ ಹೊಸ ವಾಷರ್ ಹಾಕಿದ, ಊರವರು ಮರಳಿ ಬಂದರೆ ಬೇಕಾಗುತ್ತದೆ ಎನ್ನುತ್ತಿದ್ದ. ಈಗ ಏನೂ ಮಾಡುವುದಿಲ್ಲ. ಗಡ್ಡ ಬಿಟ್ಟಿದ್ದಾನೆ, ಅಂಗಿ ಮೈಮೇಲೆ ಜೋತಾಡುತ್ತದೆ. ಕಳೆದ ಸಲ ಹೋದಾಗ ಅವನು ಕಂಬದ ಬುಡದಲ್ಲಿ ಕೂತು ಅದರ ಜೊತೆ ಮಾತಾಡುತ್ತಿದ್ದ. ನನ್ನನ್ನು ನೋಡಿ ನಾಚಿಕೊಂಡ. "ಇಲ್ಲಿ ಅದು ಬಿಟ್ರ ನನ್ನ ಹೆಸರು ಗೊತ್ತಿರೋರು ಯಾರದಾರ ಹಂಪಿ?" ಅಂದ. ಬದುಕಿರುವ ಮನುಷ್ಯ ನನ್ನ ಕಣ್ಣೆದುರೇ ಕರಗುತ್ತಿದ್ದಾನೆ, ನಾನು ಬುತ್ತಿ ಹೊತ್ತು ಹೋಗಿ ಬರುತ್ತಿದ್ದೇನೆ.

ಮಿತಿ ಹಾಕಲು ನೀವು ಇನ್ನು ನಡೆಸಲಿರುವ ಸಭೆಯ ಧ್ವನಿಮುದ್ರಣ ನಮ್ಮ ಕಾಲದವರೆಗೂ ಉಳಿದಿದೆ. ಅದನ್ನು ಎಷ್ಟು ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ. ಶಾಲೆಯ ಮುಂದೆ ಬೈಕು ಬಡಿದು ಕಾಲು ಮುರಿದುಕೊಂಡ ಹುಡುಗಿಯ ತಾಯಿ ಮಾತಾಡುತ್ತಾಳೆ. "ಅವರು ಬರ್ತಾರ, ಫೋಟೋ ಹೊಡಕೋತಾರ, ಹೋಗ್ತಾರ. ನನ್ನ ಮಗಳು ಕುಂಟ್ತಾಳ" ಅನ್ನುತ್ತಾಳೆ. ಆಕೆಯ ದನಿ ಕೇಳಿದರೆ ಇಪ್ಪತ್ತೂ ಹೆಚ್ಚಾಯಿತು ಅನ್ನಿಸುತ್ತದೆ. ಮಿತಿ ಬೇಡವೆಂದು ನಾನು ಹೇಳುತ್ತಿಲ್ಲ ತಾಯಿ. ಹತ್ತು ಅಂತ ಬರೆಯಿರಿ, ಗಾಡಿ ಇಳಿದು ನೂಕಿಕೊಂಡು ಹೋಗಲಿ ಅಂತ ಬರೆಯಿರಿ, ನಾವು ನೂಕುತ್ತೇವೆ. ನನ್ನ ಜೀವ ಹಿಂಡಿದ್ದು ಆಮೇಲಿನ ಮಾತು. ಕಾರ್ಯದರ್ಶಿ ಕೇಳುತ್ತಾರೆ, ಇದು ಎಲ್ಲಿಯ ತನಕ ಅಂತ ಬರಕೊಳ್ಳಲಿ ಎಂದು. ಯಾರೋ ಒಬ್ಬರು ಮೆಲ್ಲಗೆ, "ಊರಾಗ ಮಂದಿ ಇರೋ ತನಕ ಅಂತ ಬರೀರಲ್ಲ" ಅನ್ನುತ್ತಾರೆ. ತಕ್ಷಣ ಗದ್ದಲ. "ಬಿಡ್ತು ಅನ್ನೋ. ಊರು ಹಾಳಾಗೋ ಮಾತು ಸಭಾದಾಗ ಯಾಕ ಆಡ್ತಿ?" ಎಂದು ಗದರುತ್ತಾರೆ. ಆಗ ನಿಮ್ಮ ಹಿರಿಯರಾದ ದೇವನಗೌಡರು ಗಂಟಲು ಸರಿಮಾಡಿಕೊಂಡು, "ಸೂರ್ಯ ಚಂದ್ರ ಇರೋ ತನಕ ಅಂತ ಬರಕೋರಿ" ಅನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತೀರಿ.

ಗೌಡರೇ, ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ದತ್ತಿ ಬಿಟ್ಟ ಹಳೆಯ ಕಲ್ಲುಗಳ ಮೇಲೆಲ್ಲ ಸೂರ್ಯ ಚಂದ್ರರನ್ನು ಕೆತ್ತಿರುವುದನ್ನು ನೋಡಿ ಬೆಳೆದವರು ನೀವು, ಊರಿಗೆ ಒಳ್ಳೆಯದಾಗಲಿ ಎಂದೇ ಹಾಗೆ ಅಂದಿರಿ. ಮನುಷ್ಯರ ಕಾವಲಿದ್ದರೆ ಆ ಮಾತಿನ ಹಿಂದಿನ ಪ್ರೀತಿ ತಿಳಿಯುತ್ತಿತ್ತು. ಕಣ್ಣು ಕಾಣದ ಯಂಕವ್ವನಿಗೂ ತಿಳಿಯುತ್ತಿತ್ತು. ಕಂಬಕ್ಕೆ ತಿಳಿಯುವುದಿಲ್ಲ. ಸೂರ್ಯ ದಿನಾ ಹುಟ್ಟುತ್ತಾನೆ, ಅದರ ಹೊಟ್ಟೆ ತುಂಬುತ್ತದೆ, ಅದು ನಿಮ್ಮ ಮಾತನ್ನು ಅಕ್ಷರಶಃ ಪಾಲಿಸುತ್ತಿದೆ.

ನಿಮ್ಮ ಕಾಲಿಗೆ ಬೀಳುತ್ತೇನೆ. ಈ ಕಾಗದ ಸಭೆಗಿಂತ ಮೊದಲೇ ನಿಮಗೆ ಮುಟ್ಟಬೇಕು, ಹಾಗೆಂದು ಹಿಂಟಪಾಲಿನವರನ್ನು ಗೋಗರೆದು ಕೊಟ್ಟಿದ್ದೇನೆ. ಮೆಲ್ಲಗೆ ಮಾತಾಡಿದ ಆ ಪುಣ್ಯಾತ್ಮ ಯಾರೇ ಇರಲಿ, ಅವರನ್ನು ಗದರಬೇಡಿ. ಅವರ ಮಾತನ್ನೇ ಬರೆಯಿರಿ. ಊರಿನಲ್ಲಿ ಜನ ಇರುವವರೆಗೆ, ಅಷ್ಟೇ. ಹಾಗೆ ಬರೆದ ಮಾತ್ರಕ್ಕೆ ಊರು ಹಾಳಾಗುವುದಿಲ್ಲ; ಬರೆಯದಿದ್ದರೂ ಹೇಗೋ ಖಾಲಿಯಾಗಿದೆ, ಕಠಿಣವಾಗಿ ಹೇಳಿದ್ದಕ್ಕೆ ಕ್ಷಮಿಸಿ. ನೀವು ಹಾಗೆ ಬರೆದರೆ ಅಂದಾನಿ ಅಂದು ನನ್ನ ಹಿಂದೆಯೇ ತಿರುವು ದಾಟಿ ಬಂದಿರುತ್ತಾನೆ. ಈ ಕಾಗದ ಬರೆದ ನೆನಪೂ ನನಗಿರುವುದಿಲ್ಲ. ನಿಮಗೆ ಒಂದು ಕೃತಜ್ಞತೆಯನ್ನೂ ಹೇಳದೆ ಸುಖವಾಗಿ ಬದುಕುತ್ತೇನೆ, ಆ ಕೃತಘ್ನತೆಯನ್ನು ಈಗಲೇ ಮನ್ನಿಸಿಬಿಡಿ.

ಉತ್ತರ ಬರುವ ದಾರಿ ಹಿಂಟಪಾಲಿನಲ್ಲಿ ಇಲ್ಲ. ಕಾಯುತ್ತ ಕೂರುವ ತ್ರಾಣವೂ ನನಗೆ ಉಳಿದಿಲ್ಲ. ಕಳಕವ್ವನಿಗೆ ನನ್ನ ನಿರ್ಧಾರ ಹೇಳಿದ್ದೇನೆ. ಬೈದಳು, ಅತ್ತಳು, ಆಮೇಲೆ "ಹೋಗು. ಇಬ್ಬರಿಗೂ ರೊಟ್ಟಿ ನಾ ತರ್ತೇನಿ" ಅಂದಳು. ಬುತ್ತಿ ಕಟ್ಟಿ ಆಗಿದೆ, ಹೊದೆಯಲು ಕೌದಿ ಎರಡು ಹೇರಿದ್ದೇನೆ, ಗಾಡಿ ಬಾಗಿಲಲ್ಲಿ ನಿಂತಿದೆ. ಇಷ್ಟು ದಿನ ಇಪ್ಪತ್ತು ಮೀರದಂತೆ ಹೋಗಿ ಬೆಳಕಿರುವಾಗಲೇ ಹಿಂದೆ ಬರುತ್ತಿದ್ದೆ. ಇಂದು ನಿಮ್ಮ ಊರಿನ ಗಡಿಯನ್ನು ಅರವತ್ತರಲ್ಲಿ ದಾಟುತ್ತೇನೆ.

ನಿಮ್ಮ
ಹಂಪವ್ವ